ನಂಬರ್ ಒನ್ ಹಾಡು ದಿಢೀರನೆ ಬೀಳೋದು ಯಾಕೆ?

ಸ್ಪಾಟಿಫೈನಲ್ಲಿ ಇನ್ನೂ ಜೋರಾಗಿ ಓಡುತ್ತಿರುವ ಹಾಡು ಬ್ರಿಟನ್ನಿನ ಅಫಿಷಿಯಲ್ ಸಿಂಗಲ್ಸ್ ಚಾರ್ಟ್‌ನಲ್ಲಿ (ಹಾಡುಗಳ ವಾರದ ಜನಪ್ರಿಯತಾ ಪಟ್ಟಿ) ಒಂದೇ ವಾರಕ್ಕೆ ಅಷ್ಟು ಕೆಳಗೆ ಹೋಗಿದ್ದು ಹೇಗೆ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಕೇಳುಗರು ಕೈಬಿಟ್ಟಿರೋದಿಲ್ಲ, ಲೆಕ್ಕ ಹಾಕುವ ದರ ಬದಲಾಗಿರುತ್ತೆ.

ಹೊಸ ಹಾಡಿಗೆ ಚಂದಾ ಕಟ್ಟಿದವರ 100 ಸ್ಟ್ರೀಮ್ (ಆನ್‌ಲೈನ್‌ನಲ್ಲಿ ಒಮ್ಮೆ ಕೇಳಿದರೆ ಒಂದು ಸ್ಟ್ರೀಮ್) ಸೇರಿದರೆ ಚಾರ್ಟ್ ಲೆಕ್ಕದಲ್ಲಿ ಒಂದು ಮಾರಾಟ. ಜಾಹೀರಾತಿನ ಜತೆ ಪುಕ್ಕಟೆ ಕೇಳುವವರದ್ದಾದರೆ 600 ಬೇಕು. 2018ರ ಜುಲೈನಲ್ಲಿ ಬಂದ ದರ ಇದು. ಹಾಡು ಚಾರ್ಟ್‌ನಲ್ಲಿ ಹತ್ತು ವಾರ ಕಳೆದ ಮೇಲೆ ಸತತ ಮೂರು ವಾರ ಇಳಿಮುಖವಾದರೆ ದರ 200 ಮತ್ತು 1,200 ಆಗುತ್ತೆ.

ಲೆಕ್ಕ ಹಾಕಿ ನೋಡಿ: ವಾರಕ್ಕೆ 40 ಲಕ್ಷ ಚಂದಾ ಸ್ಟ್ರೀಮ್, 12 ಲಕ್ಷ ಪುಕ್ಕಟೆ ಸ್ಟ್ರೀಮ್ ಇದ್ದರೆ ಮೊದಲ ದರದಲ್ಲಿ 42,000 ಮಾರಾಟ. ಎರಡನೆಯದರಲ್ಲಿ ಬರೀ 21,000! ಹಳೇ ಹಿಟ್‌ಗಳು ತಿಂಗಳುಗಟ್ಟಲೆ ಮೇಲೆ ಕೂತು ಹೊಸಬರಿಗೆ ಜಾಗ ಸಿಗದಂತಾಗಬಾರದು ಅಂತ ಹೀಗೆ ದರ ದುಪ್ಪಟ್ಟು ಮಾಡುವ ನಿಯಮವನ್ನು ಅದಕ್ಕೂ ಮುಂಚೆ, 2017ರಲ್ಲೇ ತಂದಿದ್ದರು. ಉದ್ದೇಶ ಸರಿಯಾದದ್ದೇ. ಆದರೆ ಚಾರ್ಟ್ ನೋಡಿ ಜನಪ್ರಿಯತೆ ಅಳೆಯುವವರು ಇದನ್ನು ತಿಳಿದಿರಲೇಬೇಕು.

ಹಳೆಯ ಹಾಡುಗಳಿಗೆ ಮೊದಲಿಂದಲೇ ಈ ದುಬಾರಿ ದರ. 1985ರ ಕೇಟ್ ಬುಷ್ ಹಾಡು 'ರನಿಂಗ್ ಅಪ್ ದಟ್ ಹಿಲ್' 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸರಣಿಯಿಂದಾಗಿ ಮತ್ತೆ ಎದ್ದಾಗ ಎರಡನೇ ಸ್ಥಾನದಲ್ಲೇ ನಿಂತಿತ್ತು. ಚಾರ್ಟ್ ಸಂಸ್ಥೆ ವಿನಾಯಿತಿ ಕೊಟ್ಟ ಮೇಲೆ ಜೂನ್‌ನಲ್ಲಿ ನಂಬರ್ ಒನ್ ಆಯಿತು.

ನಿಮ್ಮ ಹಾಡಿನ ಪಕ್ಕದಲ್ಲಿರುವ ವಾರಗಳ ಸಂಖ್ಯೆ ನೋಡಿ. ಹತ್ತು ದಾಟಿದ್ದು, ಒಮ್ಮೆಲೇ ಹದಿನೈದಿಪ್ಪತ್ತು ಸ್ಥಾನ ಕುಸಿದಿದ್ದರೆ ಕಾರಣ ಹೆಚ್ಚುಕಡಿಮೆ ಇದೇ. ಇನ್ನೊಂದು ವಿಷಯ, ಇಲ್ಲಿ ಬೆಂಗಳೂರಲ್ಲಿ ಕೂತು ನಾವು ಎಷ್ಟು ಸಲ ಕೇಳಿದರೂ ಆ ಚಾರ್ಟ್‌ಗೆ ಸೇರಲ್ಲ; ಬ್ರಿಟನ್ನಿನೊಳಗೆ ಶುಕ್ರವಾರದಿಂದ ಗುರುವಾರದವರೆಗೆ ಕೇಳಿದ್ದು ಮಾತ್ರ ಲೆಕ್ಕಕ್ಕೆ.