ಕರೆಂಟು ಹೋಗಿ ಬಂದ ಮೇಲೆ ನೆಕ್ಸ್ಟ್‌ಕ್ಲೌಡ್ ಏಳುತ್ತಿಲ್ಲ

ಪ್ರಶ್ನೆ: ಉಡುಪಿಯ ಕಡಿಯಾಳಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಹಳೆಯ ಡೆಸ್ಕ್‌ಟಾಪಿಗೆ ಉಬುಂಟು ಹಾಕಿ, ಡಾಕರ್ ಕಂಪೋಸ್‌ನಲ್ಲಿ (ಪ್ರೋಗ್ರಾಮುಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ನೆಕ್ಸ್ಟ್‌ಕ್ಲೌಡ್ (ಸ್ವಂತ ಯಂತ್ರದಲ್ಲೇ ಫೈಲು ಇಟ್ಟು ಹಂಚಿಕೊಳ್ಳುವ ತಂತ್ರಾಂಶ) ನಡೆಸುತ್ತಿದ್ದೇವೆ. ಮದುವೆ ಫೋಟೋಗಳೆಲ್ಲ 4 ಟಿಬಿ ಯುಎಸ್‌ಬಿ ಡ್ರೈವಿನಲ್ಲಿವೆ. ಮಳೆಗೆ ಕರೆಂಟು ಹೋಗಿ ಬಂದ ಮೇಲೆ ‘ಡೇಟಾ ಡೈರೆಕ್ಟರಿ ಇನ್‌ವ್ಯಾಲಿಡ್’ ಎಂದು ಬಂತು. ವಿಡಿಯೋ ಒಂದನ್ನು ನೋಡಿ ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ 16 ಇದ್ದದ್ದನ್ನು 17 ಮಾಡಿದೆ. ಈಗ ‘ಇಂಟರ್ನಲ್ ಸರ್ವರ್ ಎರರ್’. ಡೇಟಾಬೇಸ್ ಕಂಟೇನರ್ ‘ರಿಸ್ಟಾರ್ಟಿಂಗ್’ ಅಂತಲೇ ತೋರಿಸುತ್ತಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಲೇ?

ಉತ್ತರ: ಬೇಡ ಮಾರಾಯ್ರೆ. ನಿಮ್ಮ ಡೇಟಾ ಇನ್ನೂ ಅಲ್ಲೇ ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ನಿಜವಾಗಿ ಕಳೆಯಬಲ್ಲದ್ದು ‘ಡಾಕರ್ ಕಂಪೋಸ್ ಡೌನ್ -ವಿ’. ಕೊನೆಯ ಆ ‘-ವಿ’ ಹೆಸರಿಟ್ಟ ವಾಲ್ಯೂಮ್‌ಗಳನ್ನೂ (ಡಾಕರ್ ಡೇಟಾ ಉಳಿಸಿಡುವ ಜಾಗ) ಅಳಿಸುತ್ತದೆ, ಡೇಟಾಬೇಸ್ ಅದರೊಳಗೇ ಇದ್ದರೆ ಹೋಯಿತು. ಸದ್ಯಕ್ಕೆ ‘ಡಾಕರ್ ಕಂಪೋಸ್ ಸ್ಟಾಪ್’ ಕೊಟ್ಟು ಎಲ್ಲವನ್ನೂ ನಿಲ್ಲಿಸಿ.

ನಿಮ್ಮಲ್ಲಿ ಇರುವುದು ಒಂದಲ್ಲ, ಎರಡು ತೊಂದರೆ. ಮೊದಲನೆಯದು ಕರೆಂಟು ಹೋದಾಗಿನದು, ಎರಡನೆಯದು ವಿಡಿಯೋದ ಕೊಡುಗೆ. ಬಿಡಿಸುವಾಗ ಎರಡನೆಯದರಿಂದ ಶುರು ಮಾಡಿ.

‘ಡಾಕರ್ ಕಂಪೋಸ್ ಲಾಗ್ಸ್ --ಟೇಲ್=50 ಡಿಬಿ’ ಕೊಟ್ಟು ನೋಡಿ (ನಿಮ್ಮ ಫೈಲಿನಲ್ಲಿ ಡೇಟಾಬೇಸಿನ ಹೆಸರು ಬೇರೆಯಿದ್ದರೆ ಅದನ್ನು ಹಾಕಿ). ಡೇಟಾ ಡೈರೆಕ್ಟರಿಯನ್ನು 16ನೇ ಆವೃತ್ತಿ ಸಿದ್ಧಪಡಿಸಿದೆ, ಇದು 17ಕ್ಕೆ ಹೊಂದುವುದಿಲ್ಲ ಎಂಬರ್ಥದ ಸಾಲು ಪದೇ ಪದೇ ಬರುತ್ತಿರುತ್ತದೆ. ಪೋಸ್ಟ್‌ಗ್ರೆಸ್‌ನ ಒಂದು ದೊಡ್ಡ ಆವೃತ್ತಿಯ ಫೈಲುಗಳನ್ನು ಇನ್ನೊಂದು ನೇರವಾಗಿ ತೆರೆಯುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, 17 ಏನನ್ನೂ ಬರೆಯುವ ಮೊದಲೇ ಬಾಗಿಲಲ್ಲಿ ನಿಂತು ಹಿಂದೆ ಹೋಗುತ್ತದೆ. ಹಾಗಾಗಿ ಕಂಪೋಸ್ ಫೈಲಿನಲ್ಲಿ ಮತ್ತೆ 16 ಎಂದು ಬರೆದು ‘ಡಾಕರ್ ಕಂಪೋಸ್ ಅಪ್ -ಡಿ ಡಿಬಿ’ ಕೊಟ್ಟರೆ ಸಾಕು. ಸರಿಯಾಗಿ ಮುಚ್ಚದೆ ನಿಂತಿತ್ತು, ತಾನೇ ರಿಕವರಿ ನಡೆಸುತ್ತಿದ್ದೇನೆ ಎಂದು ಲಾಗ್ ಹೇಳಿದರೆ ಗಾಬರಿ ಬೇಡ, ಅದು ಆಗಬೇಕಾದದ್ದೇ. ‘ರೆಡಿ ಟು ಆಕ್ಸೆಪ್ಟ್ ಕನೆಕ್ಷನ್ಸ್’ ಬರುವವರೆಗೆ ಕಾಯಿರಿ, ನಡುವೆ ಮತ್ತೆ ಮತ್ತೆ ರಿಸ್ಟಾರ್ಟ್ ಕೊಡಬೇಡಿ.

ಎದ್ದ ಕೂಡಲೇ ‘ಪಿಜಿ_ಡಂಪ್‌ಆಲ್’ನಿಂದ ಒಂದು ಪ್ರತಿ ತೆಗೆದು ಬೇರೆ ಡಿಸ್ಕಿಗೆ ಹಾಕಿ. ಆ ಫೈಲಿನ ಕೊನೆಯಲ್ಲಿ ಡಂಪ್ ಪೂರ್ತಿಯಾಯಿತು ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಅದು ಅರ್ಧ ಪ್ರತಿ. ಮುಂದೆ 17ಕ್ಕೆ ಹೋಗಲೇಬೇಕೆಂದಿದ್ದರೆ ದಾರಿ ಇದೇ: ಖಾಲಿ ಹೊಸ ವಾಲ್ಯೂಮಿನಲ್ಲಿ 17 ಏಳಿಸಿ, ಅದಕ್ಕೆ ಈ ಡಂಪ್ ಸುರಿಯುವುದು. ಆದರೆ ಅದು ಇವತ್ತಿನ ಕೆಲಸವಲ್ಲ.

ಇನ್ನು ಮೂಲ ತೊಂದರೆ. ನೆಕ್ಸ್ಟ್‌ಕ್ಲೌಡ್ ತನ್ನ ಡೇಟಾ ಫೋಲ್ಡರಿನಲ್ಲಿ ಒಂದು ಗುರುತಿನ ಫೈಲನ್ನು ಹುಡುಕುತ್ತದೆ. ಸಿಗದಿದ್ದರೆ ಫೋಲ್ಡರೇ ಸರಿಯಿಲ್ಲ ಎನ್ನುತ್ತದೆ. ಕರೆಂಟು ಬಂದಾಗ ಕಂಪ್ಯೂಟರ್ ಬೇಗ ಎದ್ದು, ಯುಎಸ್‌ಬಿ ಡ್ರೈವ್ ತಡವಾಗಿ ತಿರುಗಿದರೆ ಡಾಕರ್‌ಗೆ ಸಿಗುವುದು ಡ್ರೈವ್ ಅಲ್ಲ, ಅದನ್ನು ಮೌಂಟ್ ಮಾಡಬೇಕಿದ್ದ (ಅಂದರೆ ಡ್ರೈವಿನ ಫೈಲುಗಳು ಕಾಣುವಂತೆ ಜೋಡಿಸಬೇಕಿದ್ದ) ಖಾಲಿ ಫೋಲ್ಡರ್. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ. ಡ್ರೈವ್ ಪಟ್ಟಿಯಲ್ಲಿದ್ದು ಮೌಂಟ್ ಜಾಗದ ಕಾಲಂ ಖಾಲಿಯಿದ್ದರೆ ಕಳ್ಳ ಸಿಕ್ಕ. ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್, ಅಡಾಪ್ಟರ್ ಬದಲಿಸಿ ನೋಡಿ; ನಮ್ಮ ಕರಾವಳಿಯ ತೇವಕ್ಕೆ ಕನೆಕ್ಟರ್ ಕಿಲುಬು ಹಿಡಿಯುವುದು ಹೊಸತೇನಲ್ಲ.

ಮೌಂಟ್ ಮಾಡುವ ಮೊದಲು ಆ ಖಾಲಿ ಫೋಲ್ಡರಿನೊಳಗೆ ಒಮ್ಮೆ ಇಣುಕಿ. ಈ ನಡುವೆ ಏನಾದರೂ ಅಲ್ಲಿಗೆ ಬರೆಯಲ್ಪಟ್ಟಿದ್ದರೆ ಬೇರೆಡೆ ಸರಿಸಿ. ಇಲ್ಲವಾದರೆ ಮೌಂಟ್ ಆದ ಮೇಲೆ ಅದು ಕಣ್ಣಿಗೆ ಬೀಳದೆ ಮುಖ್ಯ ಡಿಸ್ಕನ್ನು ತಿನ್ನುತ್ತ ಕೂರುತ್ತದೆ. ಡ್ರೈವಿನ ಫಾರ್ಮ್ಯಾಟ್ ಇಎಕ್ಸ್‌ಟಿ4 ಆಗಿದ್ದರೆ ಮೌಂಟ್ ಆಗದ ಸ್ಥಿತಿಯಲ್ಲೇ ‘ಎಫ್‌ಎಸ್‌ಸಿಕೆ -ಎಫ್’ ನಡೆಸಿ. ಎನ್‌ಟಿಎಫ್‌ಎಸ್ ಆಗಿದ್ದರೆ ವಿಂಡೋಸ್ ಯಂತ್ರಕ್ಕೆ ಚುಚ್ಚಿ ‘ಚೆಕ್‌ಡಿಸ್ಕ್ /ಎಫ್’ ಕೊಡಿ. ಆಮೇಲೆ ‘ಮೌಂಟ್ -ಎ’. ನೆಕ್ಸ್ಟ್‌ಕ್ಲೌಡ್ ಕಂಟೇನರ್ ಆಗಲೇ ಓಡುತ್ತಿದ್ದರೆ ಅದನ್ನು ರಿಸ್ಟಾರ್ಟ್ ಮಾಡಲೇಬೇಕು. ಶುರುವಾದಾಗ ಕಂಡ ಖಾಲಿ ಫೋಲ್ಡರನ್ನೇ ಅದು ಹಿಡಿದುಕೊಂಡಿರುತ್ತದೆ. ಮೌಂಟ್ ಆಯಿತಲ್ಲ, ಪೇಜ್ ಮಾತ್ರ ಹಾಗೇ ಇದೆ ಎಂದು ಹಲವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಮುಂದಿನ ಮಳೆಗೆ ಹೀಗಾಗದಂತೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಫೈಲು) ಡ್ರೈವನ್ನು ಯುಯುಐಡಿಯಿಂದ, ಅಂದರೆ ಅದರದೇ ಗುರುತಿನ ಸಂಖ್ಯೆಯಿಂದ ಗುರುತಿಸಿ, ಡ್ರೈವ್ ಸಿಗದಿದ್ದರೂ ಕಂಪ್ಯೂಟರ್ ಏಳುವಂತೆ ‘ನೋಫೇಲ್’ ಸೇರಿಸಿ. ‘ಸಿಸ್ಟಮ್‌ಸಿಟಿಎಲ್ ಎಡಿಟ್ ಡಾಕರ್’ ತೆರೆದು ‘ಯುನಿಟ್’ ವಿಭಾಗದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=’ ಎಂದು ಬರೆದು ಮೌಂಟ್ ಜಾಗದ ಪೂರ್ತಿ ಹಾದಿ ಕೊಡಿ. ಆಮೇಲೆ ಡ್ರೈವ್ ಬಾರದೆ ಡಾಕರ್ ಏಳುವುದಿಲ್ಲ. ಡ್ರೈವ್ ಇಲ್ಲದಾಗ ಏನೂ ಓಡದಿರುವುದು ಸ್ವಲ್ಪ ಕಿರಿಕಿರಿಯೇ, ಆದರೆ ಖಾಲಿ ಫೋಲ್ಡರಿಗೆ ಮದುವೆ ಫೋಟೋ ಏರುವುದಕ್ಕಿಂತ ಅದೇ ವಾಸಿ.

ಇಷ್ಟಾದ ಮೇಲೂ ಸರ್ಟಿಫಿಕೇಟಿನ ದೂರು ಬಂದರೆ ‘ಟೈಮ್‌ಡೇಟ್‌ಸಿಟಿಎಲ್’ನಲ್ಲಿ ದಿನಾಂಕ ನೋಡಿ. ಹಳೆಯ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದೆ ಓಡುತ್ತದೆ. ಮನೆಯ ಇನ್ವರ್ಟರಿಗೆ ಜೋಡಿಸಿದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿರಲಿ. ಇನ್ನೊಂದು ಕಡೆಗಿದ್ದರೆ ಬದಲಾವಣೆ ನಿಧಾನವಾಗಿ, ಫ್ಯಾನ್ ತಿರುಗುತ್ತಿದ್ದರೂ ಕಂಪ್ಯೂಟರ್ ಆರಿಹೋಗಬಹುದು.