ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ

ಮನೆಯಲ್ಲಿ ಮಾತು ನಿಂತುಹೋಗಿದೆ ಎಂದು ಸಲಹೆಗಾಗಿ ನನ್ನ ಬಳಿ ಬರುವವರಲ್ಲಿ ಒಂದು ಅಭ್ಯಾಸವನ್ನು ಮತ್ತೆ ಮತ್ತೆ ಕಾಣುತ್ತೇನೆ. ಅದಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಬಂದವರು ತಾಯಿ ಮತ್ತು ಕಾಲೇಜಿನಲ್ಲಿ ಓದುವ ಮಗ. ಮಗ ಸುಳ್ಳು ಹೇಳುತ್ತಾನೆ ಎಂಬುದು ದೂರು. ಒಂದು ಭೇಟಿಯಲ್ಲಿ ತಾಯಿ ಉದಾಹರಣೆ ಕೊಟ್ಟರು. ಮಗ ತರಗತಿಗೆ ಬಂದಿಲ್ಲವೆಂದು ಮಧ್ಯಾಹ್ನವೇ ಅವರ ಮೊಬೈಲ್‌ಗೆ ಸಂದೇಶ ಬಂದಿತ್ತು. ಸಂಜೆ ಅವನು ಮನೆಗೆ ಬಂದಾಗ ಅವರು ಕೇಳಿದ್ದು, "ಇವತ್ತು ಪಾಠಗಳೆಲ್ಲ ಹೇಗಾದವು?" ಅವನು "ಚೆನ್ನಾಗಾದವು" ಎಂದ. "ನೋಡಿ, ಎದುರಿಗೇ ನಿಂತು ಸುಳ್ಳು ಹೇಳಿದ" ಎಂದರು ತಾಯಿ.

ಅದುವರೆಗೆ ತಲೆ ತಗ್ಗಿಸಿ ಕುಳಿತಿದ್ದ ಹುಡುಗ ಬಾಯಿ ಬಿಟ್ಟ. "ಅಮ್ಮ, ನಿನಗೆ ಗೊತ್ತಾಗಿದೆ ಎಂದು ನಿನ್ನ ದನಿಯಲ್ಲೇ ತಿಳಿಯುತ್ತದೆ. ನಿಜ ಹೇಳಿದರೆ ಆಗಲೇ ಬೈಗುಳ. ಸುಳ್ಳು ಹೇಳಿದರೆ ಸ್ವಲ್ಪ ತಡವಾಗಿ ಬೈಗುಳ. ಯಾಕೆ ಹೋಗಲಿಲ್ಲ ಎಂದು ನೀನು ಕೇಳಿಯೇ ಇಲ್ಲ."

"ಕೇಳಿಲ್ಲವೇ? 'ಯಾಕೆ ಹೀಗೆ ಮಾಡುತ್ತೀಯ' ಎಂದು ದಿನವೂ ಕೇಳುತ್ತೇನಲ್ಲ!"

"ಅದೂ ಬೈಗುಳವೇ ಅಮ್ಮ."

ನಾನು ತಾಯಿಗೆ ಹೇಳಿದೆ: ನಿಮಗೆ ತಿಳಿದಿರುವುದನ್ನು ಹೇಳಿಬಿಡಿ, ತಿಳಿಯದಿರುವುದನ್ನು ಮಾತ್ರ ಕೇಳಿ. ಅದು ಅವರಿಗೆ ಸುಲಭವಾಗಲಿಲ್ಲ. "ನೀನು ತರಗತಿಗೆ ಹೋಗಲಿಲ್ಲ, ನನಗೆ ಮೋಸ ಮಾಡಿದೆ" ಎಂದು ಆರಂಭಿಸಿದರು. ಮೊದಲರ್ಧ ತಿಳಿದದ್ದು, ಉಳಿದರ್ಧ ಊಹೆ ಎಂದು ತಡೆದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನೀನು ಬಂದಿಲ್ಲವೆಂದು ಸಂದೇಶ ಬಂತು. ಆ ಹೊತ್ತಿನಲ್ಲಿ ಎಲ್ಲಿದ್ದೆ? ಏನಾಗಿತ್ತು?"

ಹುಡುಗ ಗ್ರಂಥಾಲಯದಲ್ಲಿ ಕುಳಿತಿದ್ದ. ಎದ್ದುನಿಂತು ಉತ್ತರಿಸುವಾಗ ತೊದಲಿ, ತರಗತಿಯೆಲ್ಲ ನಕ್ಕ ಮೇಲೆ ಅವನು ಆ ಪಾಠಕ್ಕೆ ಹೋಗಿರಲಿಲ್ಲ.

ಮಗ ನಿಜ ಹೇಳುತ್ತಾನೆಯೇ ಎಂದು ಪರೀಕ್ಷಿಸುವ ಹಕ್ಕು ತಾಯಿಗಿಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಹಕ್ಕಿನ ಮಾತು ಬೇರೆ. ಸಿಕ್ಕಿಸಲೆಂದೇ ಕೇಳಿದ ಪ್ರಶ್ನೆ ಸುಳ್ಳಿಗೆ ತಾನೇ ಜಾಗ ಮಾಡಿಕೊಡುತ್ತದೆ, ಆಮೇಲೆ ಆ ಸುಳ್ಳನ್ನೇ ಸಾಕ್ಷಿಯಾಗಿ ಹಿಡಿಯುತ್ತದೆ. ಇದನ್ನು ನಾನು ಬಲವಾಗಿ ನಂಬುತ್ತೇನೆ.

ಪ್ರಶ್ನೆಯ ಮಾತು ಕೇಳುವ ಕೆಲಸವನ್ನಷ್ಟೇ ಮಾಡುವುದಿಲ್ಲ. 1974ರಲ್ಲಿ ಮನೋವಿಜ್ಞಾನದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಒಂದೇ ದೃಶ್ಯವನ್ನು ಹಲವರಿಗೆ ತೋರಿಸಿದರು. ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಎಂದು 50 ಜನರನ್ನು, 'ಡಿಕ್ಕಿಯಾದಾಗ' ಎಷ್ಟಿತ್ತು ಎಂದು ಇನ್ನು 50 ಜನರನ್ನು ಕೇಳಿದರು. ವಾರದ ನಂತರ, ದೃಶ್ಯದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರು ಮೊದಲ ಗುಂಪಿನಲ್ಲಿ 16, ಎರಡನೆಯದರಲ್ಲಿ 7. ಅಪರಿಚಿತರು ಒಮ್ಮೆ ಕೇಳಿದ ಪ್ರಶ್ನೆಗೇ ಇಷ್ಟು ಬಲವಿದ್ದರೆ, "ಮತ್ತೆ ತಪ್ಪಿಸಿಕೊಂಡೆಯಾ?" ಎಂದು ಮನೆಯಲ್ಲಿ ದಿನವೂ ಕೇಳುವುದು ಹುಡುಗ ತನ್ನನ್ನು ನೋಡಿಕೊಳ್ಳುವ ಬಗೆಯನ್ನು ಬದಲಿಸುವುದಿಲ್ಲವೇ? ಪ್ರಶ್ನೆ ಕೇಳುವವರ ನೆನಪೂ ಹಾಗೆಯೇ ಬದಲಾಗುತ್ತದೆ ಎಂಬುದು ನನ್ನ ಅನುಭವ. ಮಗ ನಿಜ ಹೇಳಿದ ದಿನಗಳು ಈ ತಾಯಿಗೆ ನೆನಪಾಗಲೇ ಇಲ್ಲ.

"ತಿಳಿದದ್ದನ್ನೆಲ್ಲ ಹೇಳಿಬಿಟ್ಟರೆ ಉಳಿದದ್ದನ್ನು ಮುಚ್ಚಿಡುತ್ತಾನಲ್ಲ" ಎಂದು ಅವರು ಹೊರಡುವಾಗ ಕೇಳಿದರು. ಮುಚ್ಚಿಡಬಹುದು ಎಂದೆ. ಆದರೆ ಆಗ ಅವನು ಮುಚ್ಚಿಡುವುದು ಯಾವುದೋ ಭಯದಿಂದ, ನೀವು ಒಡ್ಡಿದ ಪರೀಕ್ಷೆಯಿಂದಲ್ಲ. ಭಯದ ಬಗ್ಗೆ ಇಬ್ಬರೂ ಕುಳಿತು ಮಾತಾಡಬಹುದು. ಆ ಪಾಠದ ಉಪನ್ಯಾಸಕರನ್ನು ಒಟ್ಟಿಗೆ ಹೋಗಿ ಕಾಣುವುದೆಂದು ಅವರು ನಿಶ್ಚಯಿಸಿದ್ದಾರೆ. ಅಲ್ಲಿ ಏನು ಹೇಳಬೇಕೆಂಬುದನ್ನು ಮಗನೇ ಬರೆದುಕೊಳ್ಳುತ್ತಿದ್ದಾನೆ.