ಚಿನ್ನದ ಮೇಲೆ ಬಿದ್ದ ಬೆಳಕು ಅವ್ವನ ಮರೆವಿನ ಕಾರಣ ಹೇಳುತ್ತದೆಯೇ?

ಪ್ರಶ್ನೆ: ನಮ್ಮ ಅವ್ವಗೆ 74 ವರ್ಷ. ಇತ್ತೀಚೆಗೆ ಮರೆವು ಜಾಸ್ತಿ ಆಗಿದೆ. ತಮ್ಮನ ಮಗಳು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಾಳೆ. ಚಿನ್ನ ಲೇಪಿಸಿದ ಗಾಜಿಗೆ ಬೆಳಕು ಬಿಟ್ಟು ಅಲ್ಝೈಮರ್ ಪ್ರೋಟೀನಿಗೆ ಔಷಧ ಅಂಟುವುದನ್ನು ನೋಡಬಹುದು ಎನ್ನುತ್ತಾಳೆ. ಈ ಟೆಸ್ಟ್ ಹುಬ್ಬಳ್ಳಿಯಲ್ಲಿ ಎಲ್ಲಿ ಮಾಡುತ್ತಾರೆ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹುಡುಗಿ ಹೇಳಿದ್ದು ಖರೆ. ಆದರೆ ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತರುವ ಟೆಸ್ಟ್ ಇದಲ್ಲ. ಔಷಧ ಹುಡುಕುವವರ ಲ್ಯಾಬಿನ ಉಪಕರಣ. ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಎಂದು ಹೆಸರು, ಚಿಕ್ಕದಾಗಿ ಎಸ್‌ಪಿಆರ್.

ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನ ಇರುತ್ತದೆ (ಉಂಗುರಕ್ಕೆ ಸಾಲುವಷ್ಟಿಲ್ಲ ಬಿಡಿ). ಗಾಜಿನ ಕಡೆಯಿಂದ ಬೆಳಕು ಬಿಡುತ್ತಾರೆ. ಒಂದು ಕೋನದಲ್ಲಿ ಮಾತ್ರ ಚಿನ್ನದ ಎಲೆಕ್ಟ್ರಾನುಗಳು ಆ ಬೆಳಕನ್ನು ಹೀರುತ್ತವೆ. ವಾಪಸ್ ಬರುವ ಬೆಳಕು ಅಲ್ಲಿ ಮಂಕಾಗುತ್ತದೆ. ಚಿನ್ನದ ಆಚೆ ಬದಿಗೆ ಅಮಿಲಾಯ್ಡ್ ಬೀಟಾ (ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಗುಂಪುಗೂಡುವ) ಪ್ರೋಟೀನು ಕೂರಿಸಿ, ಅದರ ಮೇಲೆ ಔಷಧದ ದ್ರಾವಣ ಹರಿಸುತ್ತಾರೆ. ಔಷಧ ಅಂಟಿದರೆ ಆ ಕೋನ ಚೂರು ಸರಿಯುತ್ತದೆ. ಅಂಟಿದ್ದು ಕಾಣಲೆಂದು ಔಷಧಕ್ಕೆ ಬಣ್ಣ ಹಚ್ಚುವ ಗೋಜಿಲ್ಲ. 1990ರಲ್ಲೇ ಬಯಾಕೋರ್ ಯಂತ್ರವಾಗಿ ಇದು ಮಾರುಕಟ್ಟೆಗೆ ಬಂತು.

ನನ್ನ ಕೇಳಿದರೆ, ಇದರ ಅಸಲಿ ಬೆಲೆ ಇರುವುದು ಸಮಯದಲ್ಲಿ. ಎಷ್ಟು ಬೇಗ ಅಂಟಿತು, ಎಷ್ಟು ಹೊತ್ತು ಬಿಡದೆ ಇತ್ತು ಎಂಬುದು ಕಣ್ಣೆದುರೇ ಗ್ರಾಫ್ ಆಗಿ ಮೂಡುತ್ತದೆ. ಎರಡು ಚಿಗರಿ ಬಸ್ಸಿನಲ್ಲಿ ತಲಾ 40 ಜನ ಇದ್ದಾರೆ ಅನ್ನಿ. ಒಂದರಲ್ಲಿ ಪ್ರತಿ ಸ್ಟಾಪಿಗೂ ಹತ್ತಿ ಇಳಿಯುತ್ತಾರೆ. ಇನ್ನೊಂದರಲ್ಲಿ ಹುಬ್ಬಳ್ಳಿಯಲ್ಲಿ ಕೂತವರು ಧಾರವಾಡದಲ್ಲೇ ಏಳುವುದು. ತಲೆ ಎಣಿಸಿದರೆ ಎರಡೂ ಒಂದೇ ಅಲ್ವಾ? ಔಷಧ ಆರಿಸುವವರಿಗೆ ಎರಡನೇ ಬಸ್ಸು ಬೇಕು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಲ್ಝೈಮರ್ ಔಷಧ ಲೆಕನೆಮಾಬ್, ಬಿಡಿ ಅಮಿಲಾಯ್ಡಿಗಿಂತ ಗುಂಪುಗೂಡಿದ ಪ್ರೋಟೋಫೈಬ್ರಿಲ್‌ಗಳನ್ನು ಬಿಗಿಯಾಗಿ ಹಿಡಿಯುತ್ತದೆ ಎಂದು ಅಳೆದು ತೋರಿಸಿದ್ದು ಎಸ್‌ಪಿಆರ್‌ನಲ್ಲೇ.

ಹಾಗಾದರೆ ಅವ್ವನ ರಕ್ತವನ್ನೇ ಹರಿಸಿದರೆ? ರಕ್ತದ ಆಲ್ಬುಮಿನ್‌ನಂಥ ಪ್ರೋಟೀನುಗಳೂ ಸುಮ್ನೆ ಬಂದು ಅಂಟುತ್ತವೆ. ಏನೋ ಅಂಟಿದೆ ಅಂತ ಯಂತ್ರಕ್ಕೆ ಗೊತ್ತಾಗುತ್ತದೆ, ಯಾವುದು ಅಂತ ಗೊತ್ತಾಗಲ್ಲ.

ಅವ್ವನನ್ನು ಧಾರವಾಡದ ಡಿಮ್ಹಾನ್ಸ್‌ಗೆ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಅಥವಾ ಹತ್ತಿರದ ನರರೋಗ ತಜ್ಞರ ಬಳಿ ಕರೆದೊಯ್ಯಿರಿ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮೊದಲು ಆಗಲಿ. ಇವು ಕಡಿಮೆ ಇದ್ದರೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಆ ಚೀಟಿಯನ್ನೂ ಒಯ್ಯಿರಿ.